ರಿಯಾಯಿತಿ ಕಂಡು ಹಳೆಯ ರೋಡ್ ಸೈಕಲ್ ಬಿಟ್ಟುಕೊಡುವ ಮುನ್ನ

ಬೆಂಗಳೂರು: ಮಳೆ ಹನಿಯುತ್ತಿದ್ದ ಭಾನುವಾರದ ಮುಂಜಾನೆ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿರುವ ನಂದಿ ಬೆಟ್ಟದಿಂದ ಸೈಕಲ್‌ನಲ್ಲಿ ಇಳಿಯುತ್ತಿದ್ದ ಈ ವರದಿಗಾರ ತಿರುವೊಂದರಲ್ಲಿ ಎರಡೂ ಬ್ರೇಕ್‌ಗಳನ್ನು ಪೂರ್ತಿ ಅದುಮಿ ಹಿಡಿದರೂ ಸೈಕಲ್ ನಿಲ್ಲಲಿಲ್ಲ. ಕೊನೆಗೆ ನಿಂತದ್ದು ರಸ್ತೆಯಂಚಿನ ಜಲ್ಲಿಯ ಮೇಲೆ. ಮೊಣಕೈ ತರಚಿತು, ಅಷ್ಟೆ. ಎದುರಿನಿಂದ ಬರುತ್ತಿದ್ದ ಕಾರು ಇನ್ನೂ ದೂರದಲ್ಲಿದ್ದುದು ಅದೃಷ್ಟವೇ ಸರಿ.

ಅದೇ ವಾರ ಸೈಕಲ್ ಅಂಗಡಿಯೊಂದರ ಜಾಹೀರಾತು ಕಣ್ಣಿಗೆ ಬಿತ್ತು. ಹೊಸ ರೋಡ್ ಸೈಕಲ್‌ಗಳ ಮೇಲೆ ಶೇ 35ರಷ್ಟು ರಿಯಾಯಿತಿ, ದಾಸ್ತಾನು ಮುಗಿಯುವವರೆಗೆ ಮಾತ್ರ. ಹನ್ನೆರಡು ವರ್ಷ ಹಳೆಯದಾದ ಸೈಕಲ್ ಒಂದೆಡೆ, ಎರಡು ವರ್ಷ ತಿಂಗಳು ತಿಂಗಳೂ ಎತ್ತಿಟ್ಟ ಹಣ ಇನ್ನೊಂದೆಡೆ. ಇಂಥ ಸಂದರ್ಭದಲ್ಲಿ ಮನಸ್ಸು ಎತ್ತ ವಾಲುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಹಳೆಯ ಸೈಕಲ್‌ನ ದೋಷ ಅದರ ವಯಸ್ಸಿನದೋ, ಆರೈಕೆಯ ಕೊರತೆಯದೋ? ರಿಯಾಯಿತಿ ಸಿಗುತ್ತಿರುವುದು ಯಾವ ಕಾರಣಕ್ಕೆ? ಹೊಸದರಲ್ಲಿರುವ ಯಾವ ಸೌಲಭ್ಯವನ್ನು ಹಳೆಯದಕ್ಕೆ ಜೋಡಿಸಲು ಸಾಧ್ಯವೇ ಇಲ್ಲ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಗೊಂದಲ ಪರಿಹಾರವಾದಂತೆ.

ಕನ್ನಡದಲ್ಲಿ 'ಬೈಕ್' ಎಂದರೆ ಮೋಟಾರು ವಾಹನವೆಂಬ ಅರ್ಥವೇ ಬಳಕೆಯಲ್ಲಿದೆ. ಇಲ್ಲಿ ಹೇಳಹೊರಟಿರುವುದು ಪೆಡಲ್ ತುಳಿದು ಓಡಿಸುವ, ಕೆಳಕ್ಕೆ ಬಾಗಿದ ಹ್ಯಾಂಡಲ್ ಹಾಗೂ ಸಣ್ಣ ಟಯರ್‌ಗಳಿರುವ ರೋಡ್ ಸೈಕಲ್ ಕುರಿತು. ವಿಜಯಪುರ, ಬಾಗಲಕೋಟೆ ಭಾಗದ ಸ್ಪರ್ಧಾಳುಗಳಿಗೆ ಇದು ಹಳೆಯ ಪರಿಚಯ. ಬೆಂಗಳೂರು, ಮೈಸೂರಿನಂಥ ನಗರಗಳಲ್ಲಿ ಉದ್ಯೋಗಸ್ಥರು ವಾರಾಂತ್ಯದ ಹವ್ಯಾಸವಾಗಿ ಇದನ್ನು ಕೈಗೆತ್ತಿಕೊಂಡದ್ದು ಈಚಿನ ಎರಡು ದಶಕಗಳಲ್ಲಿ. ಆಗ ಕೊಂಡ ಎಷ್ಟೋ ಸೈಕಲ್‌ಗಳಿಗೆ ಈಗ ಹತ್ತು, ಹದಿನೈದು ವರ್ಷ ತುಂಬಿದೆ.

ಅಗ್ಗವಾದದ್ದು ಏಕೆ?

ರಿಯಾಯಿತಿಯ ಬೇರು ಕೋವಿಡ್ ಕಾಲದಲ್ಲಿದೆ. 2020ರಲ್ಲಿ ಲಾಕ್‌ಡೌನ್ ಸಡಿಲವಾದಾಗ ಜಗತ್ತಿನಾದ್ಯಂತ ಸೈಕಲ್‌ಗಳಿಗೆ ಹಿಂದೆಂದೂ ಕಾಣದ ಬೇಡಿಕೆ ಬಂತು. ಬಿಡಿಭಾಗಗಳಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಕಂಪನಿಗಳು, ವ್ಯಾಪಾರಿಗಳು ಅದೇ ಬೇಡಿಕೆ ಮುಂದುವರಿಯುವುದೆಂದು ನಂಬಿ ಭಾರಿ ಪ್ರಮಾಣದಲ್ಲಿ ಸರಕು ತರಿಸಿದರು. ಸರಕು ಗೋದಾಮು ತಲುಪುವ ವೇಳೆಗೆ ಜನ ಕಚೇರಿ, ಕಾರುಗಳಿಗೆ ಮರಳಿದ್ದರು. ಗೇರ್ ತಯಾರಿಕೆಯಲ್ಲಿ ಅಗ್ರಸ್ಥಾನದಲ್ಲಿರುವ ಜಪಾನಿನ ಶಿಮಾನೊ ಕಂಪನಿಯ ಮಾರಾಟ 2023ರಲ್ಲಿ ಅದರ ಹಿಂದಿನ ವರ್ಷಕ್ಕಿಂತ ಸುಮಾರು ಕಾಲು ಭಾಗ ಕುಸಿಯಿತು. ಬ್ರಿಟನ್ನಿನ ಹೆಸರಾಂತ ಆನ್‌ಲೈನ್ ಸೈಕಲ್ ಮಾರಾಟ ಸಂಸ್ಥೆ ವಿಗಲ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಉಳಿದ ಸರಕನ್ನು ಕರಗಿಸಲು ಎಲ್ಲೆಡೆ ಬೆಲೆ ಇಳಿಸುವುದು ಅನಿವಾರ್ಯವಾಯಿತು.

ಎರಡನೆಯ ಕಾರಣ ತಂತ್ರಜ್ಞಾನದ ಬದಲಾವಣೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2018ರ ಜುಲೈ 1ರಿಂದ ರಸ್ತೆ ಸ್ಪರ್ಧೆಗಳಲ್ಲಿ ಡಿಸ್ಕ್ ಬ್ರೇಕ್‌ಗೆ ಪೂರ್ಣ ಅನುಮತಿ ನೀಡಿತು. ಆ ಬಳಿಕ ತಯಾರಕರು ಚಕ್ರದ ಅಂಚನ್ನೇ ಹಿಡಿಯುವ ಹಳೆಯ ರಿಮ್ ಬ್ರೇಕ್‌ನಿಂದ ದೂರ ಸರಿಯತೊಡಗಿದರು. ಶಿಮಾನೊ ಕಂಪನಿಯ ಮಧ್ಯಮ ದರ್ಜೆಯ '105' ಸಾಲು ಹಿಂದೆ 12 ಗೇರ್‌ಗಳಿಗೆ ಏರಿದಾಗ ಡಿಸ್ಕ್ ಬ್ರೇಕ್‌ಗೆ ಮಾತ್ರ ಸೀಮಿತವಾಯಿತು. ಹೀಗಾಗಿ ರಿಮ್ ಬ್ರೇಕ್‌ನ ಉತ್ತಮ ಸೈಕಲ್‌ಗಳಿಗೂ ದೊಡ್ಡ ರಿಯಾಯಿತಿ ದೊರೆಯುತ್ತದೆ. 2025ರಲ್ಲಿ ಅದೇ ಕಂಪನಿ 'ಕ್ಯೂಸ್' ಹೆಸರಿನ ಸಾಲನ್ನು ಬಾಗಿದ ಹ್ಯಾಂಡಲ್‌ನ ಸೈಕಲ್‌ಗಳಿಗೂ ವಿಸ್ತರಿಸಿತು. 8, 9, 10 ಗೇರ್‌ಗಳ ಕ್ಲಾರಿಸ್, ಸೋರಾ, ಟಿಯಾಗ್ರಾ ಸಾಲುಗಳ ಜಾಗವನ್ನು ತುಂಬಲು ಬಂದದ್ದು ಇದು.

ಮೂರನೆಯ ಕಾರಣ ಅತಿ ಸರಳ. ಹೆಚ್ಚು ಜನಕ್ಕೆ ಹೊಂದುವ ಅಳತೆಗಳು ಮೊದಲು ಖಾಲಿಯಾಗುತ್ತವೆ. ತೀರಾ ದೊಡ್ಡ ಇಲ್ಲವೇ ತೀರಾ ಸಣ್ಣ ಅಳತೆಯ ಸೈಕಲ್‌ಗಳು ಉಳಿಯುತ್ತವೆ. ಅವುಗಳ ಮೇಲೆಯೇ ರಿಯಾಯಿತಿ ಏರುತ್ತ ಹೋಗುತ್ತದೆ.

ರಿಯಾಯಿತಿಯ ನಿಜವಾದ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಹಾಗೂ ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಳೆಯ ದಾಸ್ತಾನಿನ ಮೇಲೆ ಮುದ್ರಿತವಾದ ಗರಿಷ್ಠ ಮಾರಾಟ ಬೆಲೆ ಶೇ 12ರ ತೆರಿಗೆಯನ್ನು ಒಳಗೊಂಡಿರುತ್ತದೆ. ಹಾಗೆ 1 ಲಕ್ಷ ರೂ. ಎಂದು ಮುದ್ರಿತವಾದ ಸೈಕಲ್‌ನ ಮೂಲ ಬೆಲೆ ಸುಮಾರು 89,286 ರೂ. ಅದಕ್ಕೆ ಶೇ 5ರ ತೆರಿಗೆ ಸೇರಿಸಿದರೆ ಆಗುವುದು 93,750 ರೂ. ಅಂದರೆ ಅಂಗಡಿಯವರು ಕೈಯಿಂದ ಒಂದು ರೂಪಾಯಿ ಬಿಡದಿದ್ದರೂ ಬೆಲೆ 6,250 ರೂ. ಇಳಿಯಬೇಕು.

ಹಳೆಯ ಬೆಲೆಯ ಮೇಲೆ ಶೇ 35 ರಿಯಾಯಿತಿ ಎಂದರೆ ಕೊಡಬೇಕಾದದ್ದು 65,000 ರೂ. ತೆರಿಗೆ ಇಳಿಕೆಯ ಪಾಲನ್ನು ಕಳೆದರೆ ನಿಜವಾದ ರಿಯಾಯಿತಿ ಶೇ 31ರ ಸಮೀಪ. ಇದೂ ದೊಡ್ಡದೇ. ಆದರೆ ಶೇ 6ರ 'ಹಬ್ಬದ ಕೊಡುಗೆ' ಎಂದು ಹಳೆಯ ಬೆಲೆಪಟ್ಟಿಯ ಮೇಲೆ ಯಾರಾದರೂ ಹೇಳಿದರೆ ಅದು ಕೊಡುಗೆಯಲ್ಲ, ತೆರಿಗೆಯ ಇಳಿಕೆ ಮಾತ್ರ.

ಇನ್ನು ಹೊಸ ಸೈಕಲ್ ಎಂದರೆ ಬರೀ ಸೈಕಲ್‌ನ ಬೆಲೆಯಲ್ಲ. ಅನೇಕ ರೋಡ್ ಸೈಕಲ್‌ಗಳನ್ನು ಪೆಡಲ್ ಇಲ್ಲದೆಯೇ ಮಾರಲಾಗುತ್ತದೆ. ನೀರಿನ ಬಾಟಲಿಯ ಹಿಡಿಕೆ, ಮುಂದಿನ ಹಾಗೂ ಹಿಂದಿನ ದೀಪ, ಹೊಸ ಟಯರ್‌ನ ಅಳತೆಗೆ ತಕ್ಕ ಹೆಚ್ಚುವರಿ ಟ್ಯೂಬ್ ಇವೆಲ್ಲ ಪ್ರತ್ಯೇಕ. ಹಳೆಯ ಸೈಕಲ್‌ನ ಪೆಡಲ್, ಬಾಟಲಿ ಹಿಡಿಕೆ, ದೀಪಗಳನ್ನು ಬಿಚ್ಚಿ ಹೊಸದಕ್ಕೆ ಹಾಕಿಕೊಳ್ಳಬಹುದು. ಆದರೆ ಹಳೆಯದನ್ನು ಮಾರುವವರಿದ್ದರೆ ಆಗ ಅದರ ಬೆಲೆ ಅಷ್ಟು ತಗ್ಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಮೊದಲು ಹಳೆಯದರ ತಪಾಸಣೆ

ನಂದಿ ಬೆಟ್ಟದ ಘಟನೆಯ ಮರುದಿನ ಹಳೆಯ ಸೈಕಲ್ ಮನೆಯ ಸಮೀಪದ ಮೆಕ್ಯಾನಿಕ್ ಮುಂದಿತ್ತು. ಇಪ್ಪತ್ತು ವರ್ಷಗಳಿಂದ ಇದೇ ಕೆಲಸದಲ್ಲಿರುವವರು. ಬ್ರೇಕ್ ಪ್ಯಾಡ್ ಬಿಚ್ಚಿ ಬೆರಳಿನಿಂದ ಉಜ್ಜಿ ನೋಡಿದರು. "ಇದು ರಬ್ಬರ್ ಅಲ್ಲ ಸಾರ್, ಕಲ್ಲಾಗಿದೆ. ಯಾವಾಗ ಹಾಕಿಸಿದ್ದು?" ಎಂದು ಕೇಳಿದರು. ಉತ್ತರ ಹೇಳಲು ನಾಚಿಕೆಯಾಯಿತು. ಸೈಕಲ್ ಕೊಂಡಾಗ ಇದ್ದ ಪ್ಯಾಡ್‌ಗಳೇ ಅವು.

ರಿಮ್‌ನ ಬದಿಯಲ್ಲಿ ಸವಕಳಿ ತಿಳಿಸಲೆಂದೇ ಸಣ್ಣ ಗೀರು ಇಲ್ಲವೇ ಚುಕ್ಕೆ ಕೊರೆದಿರುತ್ತಾರೆ. ಅದು ಅಳಿಸಿಹೋದರೆ ರಿಮ್ ಬದಲಿಸಬೇಕೆಂದು ಅರ್ಥ. ಈ ಸೈಕಲ್‌ನ ಹಿಂದಿನ ಚಕ್ರದಲ್ಲಿ ಅದು ಪೂರ್ತಿ ಮಾಯವಾಗಿತ್ತು. ಅಂದರೆ ಆ ಭಾನುವಾರದ ಅವಘಡಕ್ಕೆ ಸೈಕಲ್‌ನ ವಯಸ್ಸಿಗಿಂತ ಸವಾರನ ಅಲಕ್ಷ್ಯವೇ ಹೆಚ್ಚು ಕಾರಣ. ಹೊಸ ಪ್ಯಾಡ್‌ಗಳ ಬೆಲೆ ಕೆಲವು ನೂರು ರೂಪಾಯಿ. ಅವನ್ನು ಅಂದೇ ಹಾಕಿಸಲಾಯಿತು. ಹೊಸ ಸೈಕಲ್ ಕೊಳ್ಳುವ ಯೋಚನೆ ಇರಲಿ, ಇಲ್ಲದಿರಲಿ, ಬ್ರೇಕ್‌ನ ವಿಷಯದಲ್ಲಿ ಕಾಯುವಂತಿಲ್ಲ.

ಚೈನ್ ಪರೀಕ್ಷೆಗೆ ಸಾಮಾನ್ಯ ಅಡಿಕೋಲು ಸಾಕು. ಹೊಸ ಚೈನ್‌ನಲ್ಲಿ ಒಂದು ಪಿನ್‌ನಿಂದ ಎಣಿಸಿ ಇಪ್ಪತ್ತನಾಲ್ಕನೆಯ ಪಿನ್‌ಗೆ ಸರಿಯಾಗಿ 12 ಅಂಗುಲ ಇರುತ್ತದೆ. ಇದು ಅಂಗುಲದ ಹದಿನಾರನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಚೈನ್ ಬದಲಿಸುವ ಸಮಯ. ಎಂಟನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಹಿಂದಿನ ಹಲ್ಲುಚಕ್ರಗಳ ಗುಚ್ಛ, ಅಂದರೆ ಕ್ಯಾಸೆಟ್ ಕೂಡ ಸವೆದಿರುವ ಸಂಭವ ಹೆಚ್ಚು. ಟಯರ್‌ನ ಬದಿಯಲ್ಲಿ ಬಿರುಕು, ತುಕ್ಕು ಹಿಡಿದ ಕೇಬಲ್, ಕೈಯಲ್ಲಿ ಅಲುಗಿಸಿದಾಗ ಆಡುವ ಚಕ್ರದ ಬೇರಿಂಗ್ ಇವನ್ನೂ ನೋಡಬೇಕು. ಕೊನೆಯದಾಗಿ ಚೌಕಟ್ಟು, ಅಂದರೆ ಫ್ರೇಮ್. ಬೆಸುಗೆ ಹಾಕಿದ ಜಾಗಗಳಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಸೈಕಲ್ ರಸ್ತೆಗಿಳಿಯಬಾರದು. ಅಂಥ ಅಲ್ಯೂಮಿನಿಯಂ ಫ್ರೇಮ್‌ಗೆ ದುರಸ್ತಿಯ ಯೋಚನೆ ಬಿಟ್ಟು ಹೊಸದರತ್ತ ನೋಡುವುದೇ ಕ್ಷೇಮ.

ನಮ್ಮ ಸೈಕಲ್‌ನ ಫ್ರೇಮ್ ಗಟ್ಟಿಯಾಗಿತ್ತು. ಚೈನ್, ಕ್ಯಾಸೆಟ್, ಟಯರ್, ಕೇಬಲ್, ಹಿಂದಿನ ಚಕ್ರ, ಕೂಲಿ ಎಲ್ಲ ಸೇರಿ ಮೆಕ್ಯಾನಿಕ್ ಹೇಳಿದ ಅಂದಾಜು ಸುಮಾರು 16 ಸಾವಿರ ರೂ. ಹೋಲಿಕೆ ಮಾಡಬೇಕಾದದ್ದು ಇಲ್ಲಿಂದ. ಹೊಸ ಸೈಕಲ್‌ನ ರಿಯಾಯಿತಿ ಬೆಲೆಯನ್ನು ಅದರ ಮುದ್ರಿತ ಬೆಲೆಯೊಂದಿಗೆ ಹೋಲಿಸುವುದು ಅಂಗಡಿಯವರ ಲೆಕ್ಕ. ಹಳೆಯದನ್ನು ಸುಸ್ಥಿತಿಗೆ ತರುವ ಖರ್ಚಿನೊಂದಿಗೆ ಹೋಲಿಸುವುದು ಕೊಳ್ಳುವವರ ಲೆಕ್ಕ.

ಬದಲಿಸಲಾಗದ ಮೂರು ಸಂಗತಿಗಳು

ಸೈಕಲ್‌ನಲ್ಲಿ ಬಹುತೇಕ ಎಲ್ಲವನ್ನೂ ಬಿಚ್ಚಿ ಬದಲಿಸಬಹುದು. ಗೇರ್, ಚಕ್ರ, ಸೀಟು, ಹ್ಯಾಂಡಲ್ ಯಾವುದೂ ಇದಕ್ಕೆ ಹೊರತಲ್ಲ. ಆದರೆ ಬ್ರೇಕ್‌ನ ಬಗೆ, ಟಯರ್‌ನ ಗರಿಷ್ಠ ಅಗಲ ಹಾಗೂ ಸವಾರನಿಗೆ ಹೊಂದುವ ಅಳತೆ ಈ ಮೂರನ್ನು ನಿರ್ಧರಿಸುವುದು ಫ್ರೇಮ್. ಈ ಮೂರರಲ್ಲಿ ಕೊರತೆಯಿದ್ದರೆ ಮಾತ್ರ ಹೊಸ ಸೈಕಲ್‌ಗೆ ನಿಜವಾದ ಅರ್ಥವಿದೆ.

ಬ್ರೇಕ್: ರಿಮ್ ಬ್ರೇಕ್ ಒಣ ರಸ್ತೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ದಶಕಗಳ ಕಾಲ ವಿಶ್ವದ ಅತಿ ಕಠಿಣ ಸ್ಪರ್ಧೆಗಳು ಅದರ ಮೇಲೆಯೇ ನಡೆದಿವೆ. ತೊಂದರೆ ಮಳೆಯಲ್ಲಿ. ರಿಮ್‌ನ ಮೇಲೆ ನೀರಿನ ಪದರ ಕೂತಿರುತ್ತದೆ. ಪ್ಯಾಡ್ ಅದನ್ನು ಒರೆಸಿ ಹಿಡಿತ ಸಾಧಿಸುವಷ್ಟರಲ್ಲಿ ಚಕ್ರ ಕೆಲವು ಸುತ್ತು ತಿರುಗಿಬಿಡುತ್ತದೆ. ರಸ್ತೆಯ ಕೆಸರು, ಮರಳಿನ ಕಣ ಪ್ಯಾಡ್‌ಗೆ ಅಂಟಿ ರಿಮ್ ಅನ್ನೇ ಕೆರೆಯುತ್ತದೆ. ಗುಂಡಿಗೆ ಬಿದ್ದು ಚಕ್ರ ಸೊಟ್ಟಗಾದರೆ ರಿಮ್ ಬ್ರೇಕ್ ಉಜ್ಜತೊಡಗುತ್ತದೆ.

ಡಿಸ್ಕ್ ಬ್ರೇಕ್ ಹಿಡಿಯುವುದು ಚಕ್ರದ ನಡುವಿನ ಉಕ್ಕಿನ ತಟ್ಟೆಯನ್ನು. ಅದರ ವ್ಯಾಸ ಸಾಮಾನ್ಯವಾಗಿ 140 ಅಥವಾ 160 ಮಿ.ಮೀ. ನೆಲದ ನೀರಿನಿಂದ ದೂರವಿರುವ ಕಾರಣ ಮಳೆಯಲ್ಲೂ ಹಿಡಿತ ಬೇಗ ಸಿಗುತ್ತದೆ. ಚಕ್ರ ತುಸು ಸೊಟ್ಟಗಾದರೂ ಬ್ರೇಕ್‌ಗೆ ಬಾಧೆಯಿಲ್ಲ. ಆದರೆ ತಟ್ಟೆಗೆ ಚೈನ್‌ನ ಎಣ್ಣೆ ತಾಗಿದರೆ ಹಿಡಿತವೇ ಹೋಗುತ್ತದೆ ಎಂಬ ಎಚ್ಚರ ಬೇಕು. ರಿಮ್ ಬ್ರೇಕ್‌ಗೆಂದು ರೂಪಿಸಿದ ಫ್ರೇಮ್‌ನಲ್ಲಿ ಡಿಸ್ಕ್ ಬ್ರೇಕ್ ಕೂರಿಸುವ ಜಾಗವೇ ಇರುವುದಿಲ್ಲ. ಹಿಂದಿನ ಚಕ್ರದ ಅಚ್ಚಿನ ಅಗಲವೂ ಬೇರೆ. ರಿಮ್ ಬ್ರೇಕ್‌ನ ಸೈಕಲ್‌ಗಳಲ್ಲಿ 130 ಮಿ.ಮೀ., ಈಗಿನ ಡಿಸ್ಕ್ ಬ್ರೇಕ್‌ನ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ 142 ಮಿ.ಮೀ. ಹಳೆಯ ಚಕ್ರಗಳನ್ನು ಹೊಸ ಫ್ರೇಮ್‌ಗೆ ಒಯ್ಯಲೂ ಆಗದು.

ಡಿಸ್ಕ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಕ್ಲಾರಿಸ್, ಸೋರಾ ದರ್ಜೆಯ ಸೈಕಲ್‌ಗಳಲ್ಲಿ ಬರುವುದು ತಂತಿ ಎಳೆಯುವ ಡಿಸ್ಕ್ ಬ್ರೇಕ್. ಟಿಯಾಗ್ರಾ ಹಾಗೂ ಅದರ ಮೇಲಿನ ಸಾಲುಗಳಲ್ಲಿ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕ್ ಲಭ್ಯ. ಎರಡನೆಯದಕ್ಕೆ ಬೆರಳಿನ ಬಲ ಕಡಿಮೆ ಸಾಕು. ಆಗುಂಬೆಯಂಥ ಘಾಟಿಯನ್ನು ಇಳಿಯುವವರಿಗೆ, ಕರಾವಳಿಯ ಮಳೆಯಲ್ಲಿ ಓಡಿಸುವವರಿಗೆ ಈ ವ್ಯತ್ಯಾಸ ದೊಡ್ಡದು. ಬಯಲುಸೀಮೆಯ ಒಣ ರಸ್ತೆಗಳಲ್ಲಿ ಬೆಳಗಿನ ಒಂದು ಗಂಟೆ ಓಡಿಸುವವರಿಗೆ ಅಷ್ಟೇನೂ ಅಲ್ಲ.

ಟಯರ್: ಹಳೆಯ ರೋಡ್ ಸೈಕಲ್‌ಗಳು 23 ಮಿ.ಮೀ. ಅಗಲದ ಟಯರ್‌ನೊಂದಿಗೆ ಬರುತ್ತಿದ್ದವು. ಅದಕ್ಕೆ 100 ಪಿಎಸ್‌ಐ ಮೀರಿ ಗಾಳಿ ತುಂಬುವುದು ರೂಢಿಯಲ್ಲಿತ್ತು. ಟಯರ್ ಸಣ್ಣದಾಗಿ, ಗಟ್ಟಿಯಾಗಿದ್ದಷ್ಟೂ ವೇಗ ಹೆಚ್ಚು ಎಂಬ ನಂಬಿಕೆ ಆಗಿನದು. ನುಣುಪಲ್ಲದ ರಸ್ತೆಯಲ್ಲಿ ಇದು ತಿರುವುಮುರುವಾಗುತ್ತದೆ. ಅತಿ ಗಟ್ಟಿಯಾದ ಟಯರ್ ಪ್ರತಿ ಕಲ್ಲಿಗೂ ಪುಟಿದು, ಸವಾರನ ಶಕ್ತಿ ಮೇಲೆ ಕೆಳಗೆ ಕುಲುಕುವುದರಲ್ಲೇ ವ್ಯಯವಾಗುತ್ತದೆ. 2010ರ ದಶಕದಲ್ಲಿ ವೃತ್ತಿಪರ ಸವಾರರೇ 23ರಿಂದ 25ಕ್ಕೆ, ಬಳಿಕ 28 ಮಿ.ಮೀ.ಗೆ ಸರಿದರು.

ನಮ್ಮ ರಸ್ತೆಗಳ ಮಟ್ಟಿಗೆ ಈ ಬದಲಾವಣೆಯ ಲಾಭ ಇನ್ನೂ ಸ್ಪಷ್ಟ. ಗುಂಡಿಯ ಅಂಚಿಗೆ ಬಡಿದು ಟ್ಯೂಬ್ ಜಜ್ಜಿ ಪಂಕ್ಚರ್ ಆಗುವುದು ಕಡಿಮೆಯಾಗುತ್ತದೆ. ಕೈ, ಬೆನ್ನಿಗೆ ತಲುಪುವ ಕಂಪನ ತಗ್ಗುತ್ತದೆ. ಆದರೆ ರಿಮ್ ಬ್ರೇಕ್‌ನ ಅನೇಕ ಹಳೆಯ ಫ್ರೇಮ್‌ಗಳಲ್ಲಿ 25 ಮಿ.ಮೀ.ಗಿಂತ ಅಗಲದ ಟಯರ್ ತೂರುವುದಿಲ್ಲ. ಹೊಸ ಡಿಸ್ಕ್ ಸೈಕಲ್‌ಗಳಲ್ಲಿ 28 ಸಾಮಾನ್ಯ. ಹಲವು 32ರವರೆಗೂ ಜಾಗ ಕೊಡುತ್ತವೆ. ನಿಮ್ಮ ಹಳೆಯ ಸೈಕಲ್‌ಗೆ 28 ಹಿಡಿಸುತ್ತದೆಯೇ ಎಂದು ಮೊದಲು ನೋಡಿ. ಹಿಡಿಸಿದರೆ ಕೆಲವೇ ಸಾವಿರದಲ್ಲಿ ಹೊಸ ಸೈಕಲ್‌ನ ಅರ್ಧ ಸುಖ ದೊರೆತಂತೆ.

ಅಳತೆ: ರಿಯಾಯಿತಿಯ ಆಸೆಯಲ್ಲಿ ಜನ ಎಡವುವುದು ಹೆಚ್ಚಾಗಿ ಇಲ್ಲಿಯೇ. ಈಗಿನ ಫ್ರೇಮ್‌ಗಳನ್ನು ಹೋಲಿಸಲು ಎರಡು ಅಂಕಿಗಳು ಮುಖ್ಯ. ಪೆಡಲ್‌ಗಳ ಕ್ರ್ಯಾಂಕ್ ತಿರುಗುವ ನಡುಬಿಂದುವಿನಿಂದ ಹ್ಯಾಂಡಲ್ ಕೂರುವ ಕೊಳವೆಯ ತುದಿಗೆ ನೇರ ಎತ್ತರ ಎಷ್ಟು ಎಂಬುದು 'ಸ್ಟ್ಯಾಕ್'. ಅದೇ ಎರಡು ಬಿಂದುಗಳ ನಡುವಿನ ಅಡ್ಡ ದೂರ 'ರೀಚ್'. ತಯಾರಕರು ಪ್ರತಿ ಮಾದರಿಗೂ ಈ ಅಂಕಿಗಳನ್ನು ಪ್ರಕಟಿಸುತ್ತಾರೆ. ಒಂದು ಕಂಪನಿಯ 'ಮೀಡಿಯಂ' ಇನ್ನೊಂದರ 'ಸ್ಮಾಲ್'ಗೆ ಸಮವಿರಬಹುದಾದ್ದರಿಂದ ಹೆಸರನ್ನು ನಂಬುವುದಕ್ಕಿಂತ ಈ ಅಂಕಿಗಳನ್ನು ನಂಬುವುದು ಮೇಲು. ಹಳೆಯ ಸೈಕಲ್ ನಿಮಗೆ ಹಿತವಾಗಿದ್ದರೆ ಅದರ ಅಂಕಿಗಳೇ ಅಳತೆಗೋಲು.

ಒಂದೇ ಕಂಪನಿಯಲ್ಲೂ ಬಗೆಗಳಿವೆ. ಜೈಂಟ್ ಕಂಪನಿಯ 'ಟಿಸಿಆರ್' ಸ್ಪರ್ಧೆಗೆಂದು ತಗ್ಗಿದ, ಚಾಚಿದ ಭಂಗಿಯದು. ಅದರದೇ 'ಡಿಫೈ' ದೀರ್ಘ ಸವಾರಿಗೆಂದು ಎತ್ತರದ ಹ್ಯಾಂಡಲ್‌ನದು. 200 ಕಿ.ಮೀ. ದೂರವನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದ ಬ್ರೆವೆ ಸವಾರಿಗಳಿಗೆ ಹೋಗುವವರು, ನಲವತ್ತು ದಾಟಿ ಸೊಂಟನೋವು ಕಂಡವರು ಎರಡನೆಯ ಬಗೆಯನ್ನು ಆರಿಸುವುದು ವಿವೇಕ.

ಗೇರ್ ಹೆಚ್ಚಿದಷ್ಟೂ ಒಳ್ಳೆಯದೇ?

'ಹಿಂದೆ 8 ಇತ್ತು, ಈಗ 12 ಬಂದಿದೆ' ಎಂಬುದು ಮಾರಾಟಗಾರರ ಮೆಚ್ಚಿನ ಮಾತು. ಹತ್ತುವಾಗ ಮುಖ್ಯವಾಗುವುದು ಹಲ್ಲುಚಕ್ರಗಳ ಸಂಖ್ಯೆಯಲ್ಲ, ಅತಿ ಹಗುರ ಗೇರ್ ಎಷ್ಟು ಹಗುರ ಎಂಬುದು. ಮುಂದೆ 34 ಹಲ್ಲು, ಹಿಂದೆ 25 ಹಲ್ಲು ಇರುವ ಹಳೆಯ ಸೈಕಲ್‌ನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 2.85 ಮೀಟರ್ ಮುಂದೆ ಸಾಗುತ್ತದೆ. ಹಿಂದೆ 32 ಹಲ್ಲು ಇದ್ದರೆ ಸಾಗುವುದು ಸುಮಾರು 2.25 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿಯುವವರು ಮೊದಲನೆಯದರಲ್ಲಿ ಗಂಟೆಗೆ 10 ಕಿ.ಮೀ. ವೇಗ ಕಾಯ್ದುಕೊಳ್ಳಲೇಬೇಕು. ಎರಡನೆಯದರಲ್ಲಿ 8 ಕಿ.ಮೀ. ಸಾಕು. ಚಾಮುಂಡಿ ಬೆಟ್ಟದ ಏರಿನಲ್ಲಿ ಮಂಡಿಗೆ ಈ ಎರಡು ಕಿಲೋಮೀಟರ್‌ನ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ.

ಆದರೆ ಈ ಸುಧಾರಣೆಗೆ ಹೊಸ ಸೈಕಲ್ ಬೇಕಿಲ್ಲ. ಅದೇ 8 ಗೇರ್‌ಗಳಲ್ಲಿ 32 ಹಲ್ಲಿನ ಕ್ಯಾಸೆಟ್ ದೊರೆಯುತ್ತದೆ. ಅದರ ಜತೆ ಉದ್ದ ತೋಳಿನ ಹಿಂದಿನ ಡಿರೇಲರ್ ಹಾಗೂ ಹೊಸ ಚೈನ್ ಹಾಕಿಸಿದರಾಯಿತು. ಮೇಲಾಗಿ ಗೇರ್ ಹೆಚ್ಚಿದಂತೆ ಚೈನ್ ಸಣ್ಣದಾಗುತ್ತದೆ, ಚೈನ್ ಹಾಗೂ ಕ್ಯಾಸೆಟ್‌ನ ಬೆಲೆ ಏರುತ್ತದೆ. 8, 9, 10 ಗೇರ್‌ಗಳ ಸಾಲುಗಳು ಹಿಂದೆ ಸರಿಯುತ್ತಿವೆ ಎಂದು ಹೆದರಿಸುವವರ ಮಾತಿಗೂ ಗಾಬರಿ ಬೇಡ. ಸವೆಯುವ ಭಾಗಗಳಾದ ಚೈನ್, ಕ್ಯಾಸೆಟ್‌ಗಳನ್ನು ಹಲವು ಕಂಪನಿಗಳು ತಯಾರಿಸುತ್ತಿವೆ. ನೆನಪಿಡಬೇಕಾದದ್ದು ಒಂದೇ: ಕ್ಯೂಸ್‌ನ ಬಿಡಿಭಾಗಗಳು ಹಳೆಯ ಸಾಲುಗಳ ಜತೆ ಸಾಮಾನ್ಯವಾಗಿ ಹೊಂದುವುದಿಲ್ಲ. ಎರಡನ್ನೂ ಬೆರೆಸಲು ಹೋಗಬಾರದು.

ತೂಕದ ವಿಷಯದಲ್ಲೂ ಇಂಥದೇ ಭ್ರಮೆಯಿದೆ. ಸವಾರ 70 ಕೆ.ಜಿ., ಸೈಕಲ್ 10 ಕೆ.ಜಿ. ಎಂದುಕೊಳ್ಳೋಣ. ಸೈಕಲ್ ಒಂದು ಕೆ.ಜಿ. ಹಗುರವಾದರೆ ಒಟ್ಟು ಭಾರದಲ್ಲಿ ಕಡಿಮೆಯಾಗುವುದು ಶೇ 1.25. ಅರ್ಧ ಗಂಟೆಯ ಏರಿನಲ್ಲಿ ಉಳಿಯುವುದು ಹೆಚ್ಚೆಂದರೆ ಇಪ್ಪತ್ತು ಸೆಕೆಂಡಿನ ಆಸುಪಾಸು. ಸ್ಪರ್ಧಾಳುವಿಗೆ ಅದು ಪದಕದ ಪ್ರಶ್ನೆ, ಉಳಿದವರಿಗೆ ಬೆಟ್ಟದ ಮೇಲೆ ಕಾಫಿ ಆರುವಷ್ಟೂ ಸಮಯವಲ್ಲ. ಅಲ್ಲದೆ ಕಡಿಮೆ ಬೆಲೆಯ ಹೊಸ ಡಿಸ್ಕ್ ಸೈಕಲ್, ಅದೇ ದರ್ಜೆಯ ಹಳೆಯ ರಿಮ್ ಬ್ರೇಕ್‌ ಸೈಕಲ್‌ಗಿಂತ ತುಸು ಭಾರವಾಗಿರುವುದೇ ಹೆಚ್ಚು.

ಹಳೆಯ ದಾಸ್ತಾನು ಕೊಳ್ಳುವಾಗ

ಪೆಟ್ಟಿಗೆಯಲ್ಲಿ ಎರಡು, ಮೂರು ವರ್ಷ ಕಳೆದ ಸೈಕಲ್ ಹೊಸದೇ ಹೌದು. ಆದರೂ ಟಯರ್ ಬಿರುಕು ಬಿಟ್ಟಿದೆಯೇ, ಬೇರಿಂಗ್‌ಗಳ ಗ್ರೀಸ್ ಒಣಗಿದೆಯೇ, ಹೈಡ್ರಾಲಿಕ್ ಬ್ರೇಕ್‌ನ ಹಿಡಿಕೆ ಒತ್ತಿದಾಗ ಮೆತ್ತಗಾಗಿದೆಯೇ ಎಂದು ಪರೀಕ್ಷಿಸಬೇಕು. ಪ್ರದರ್ಶನಕ್ಕಿಟ್ಟಿದ್ದ ಸೈಕಲ್ ಆಗಿದ್ದರೆ ಗೀರು, ನೆಗ್ಗುಗಳನ್ನು ಬಿಸಿಲಿನಲ್ಲಿ ನೋಡುವುದು ಒಳಿತು. ಫ್ರೇಮ್‌ನ ವಾರಂಟಿ ಕೊಂಡ ದಿನದಿಂದಲೇ ಪೂರ್ತಿ ಸಿಗುವುದೇ ಎಂದು ಕೇಳಿ, ಫ್ರೇಮ್ ಸಂಖ್ಯೆ ನಮೂದಿಸಿದ ಬಿಲ್ ಪಡೆಯಬೇಕು. ಬಿಲ್ ಇಲ್ಲದ ರಿಯಾಯಿತಿ ಎಷ್ಟೇ ದೊಡ್ಡದಿದ್ದರೂ ಬೇಡ.

ಬಳಸಿದ ಸೈಕಲ್ ಇಲ್ಲವೇ ಹಳೆಯ ಮೇಲ್ದರ್ಜೆಯ ಮಾದರಿ ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. 2023ರ ಸೆಪ್ಟೆಂಬರ್‌ನಲ್ಲಿ ಶಿಮಾನೊ ತನ್ನ 11 ಗೇರ್‌ಗಳ ಅಲ್ಟೆಗ್ರಾ ಹಾಗೂ ಡ್ಯುರಾ ಏಸ್ ಸಾಲಿನ ಕೆಲವು ಕ್ರ್ಯಾಂಕ್‌ಗಳನ್ನು ಜಗತ್ತಿನಾದ್ಯಂತ ತಪಾಸಣೆಗೆ ಕರೆಯಿತು. ಅಂಟಿಸಿದ ಎರಡು ಭಾಗಗಳು ಬೇರ್ಪಟ್ಟು ಮುರಿಯುವ ಸಂಭವ ಇದಕ್ಕೆ ಕಾರಣ. 2019ರ ಜುಲೈಗಿಂತ ಮೊದಲು ತಯಾರಾದ ಎಫ್‌ಸಿ-6800, ಆರ್8000, ಆರ್9100 ಮಾದರಿಗಳು ಇದರಲ್ಲಿ ಸೇರಿವೆ. ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಕ್ರ್ಯಾಂಕ್ ಮುರಿದರೆ ಆಗುವ ಅನಾಹುತವನ್ನು ಊಹಿಸಬಹುದು. ಅಂಥ ಸೈಕಲ್ ಕೊಳ್ಳುವ ಮುನ್ನ ತಪಾಸಣೆ ನಡೆದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಬೆಂಗಳೂರಿನ ಹೊರಗಿನ ಓದುಗರು ಇನ್ನೂ ಒಂದನ್ನು ಯೋಚಿಸಬೇಕು. ರಿಮ್ ಬ್ರೇಕ್‌ನ ಕೇಬಲ್ ಬದಲಿಸುವುದು ಯಾವ ಊರಿನ ಸೈಕಲ್ ಶಾಪ್‌ನಲ್ಲೂ ಆಗುವ ಕೆಲಸ. ಹೈಡ್ರಾಲಿಕ್ ಬ್ರೇಕ್‌ನ ಎಣ್ಣೆ ಬದಲಿಸಿ ಗಾಳಿ ತೆಗೆಯಲು ಪ್ರತ್ಯೇಕ ಉಪಕರಣ, ಅನುಭವ ಎರಡೂ ಬೇಕು. ನಿಮ್ಮ ಊರಿನಲ್ಲಿ ಅದನ್ನು ಮಾಡುವವರಿದ್ದಾರೆಯೇ ಎಂದು ಕೊಳ್ಳುವ ಮುನ್ನವೇ ವಿಚಾರಿಸಿ. ಇಲ್ಲದಿದ್ದರೆ ತಂತಿಯ ಡಿಸ್ಕ್ ಬ್ರೇಕ್ ಒಳ್ಳೆಯ ನಡುದಾರಿ.

ಕೊನೆಗೆ ಆದದ್ದು

ಶೇ 35ರ ರಿಯಾಯಿತಿಯ ಸೈಕಲ್ ನೋಡಲು ಈ ವರದಿಗಾರ ಹೋದದ್ದು ನಿಜ. ಹೈಡ್ರಾಲಿಕ್ ಬ್ರೇಕ್, 28 ಮಿ.ಮೀ. ಟಯರ್ ಎರಡೂ ಇದ್ದವು. ಬಣ್ಣವಂತೂ ಮನಸೂರೆಗೊಳ್ಳುವಂತಿತ್ತು. ಉಳಿದಿದ್ದದ್ದು ಮಾತ್ರ 56ರ ಅಳತೆ. ಹಳೆಯ ಸೈಕಲ್ 52. ಸೀಟು ಇಳಿಸಿ ಕೊಡುತ್ತೇವೆ, ಹ್ಯಾಂಡಲ್ ಹಿಡಿಯುವ ಕೊಂಡಿಯನ್ನು ಗಿಡ್ಡ ಮಾಡಿ ಹೊಂದಿಸುತ್ತೇವೆ ಎಂಬ ಭರವಸೆ ಸಿಕ್ಕಿತು. ಹಣ ಕೊಡುವ ಮುನ್ನ ಮನೆಯ ಸಮೀಪದ ಮೆಕ್ಯಾನಿಕ್‌ಗೆ ಫೋನ್ ಮಾಡಿ ಕೇಳಲಾಯಿತು. "ಸೀಟು ಇಳಿಸಬಹುದು ಸಾರ್, ಹ್ಯಾಂಡಲ್ಲೂ ಹತ್ತಿರ ತರಬಹುದು. ಫ್ರೇಮ್ ಕುಗ್ಗಿಸೋಕಾಗಲ್ಲ. ಆರು ತಿಂಗಳಿಗೆ ಕತ್ತು ನೋವು ಅಂತ ನನ್ನ ಹತ್ರಾನೇ ಬರ್ತೀರಿ" ಎಂದರು ಅವರು. ಬರಿಗೈಯಲ್ಲಿ ಮರಳಬೇಕಾಯಿತು.

ನಾಲ್ಕು ತಿಂಗಳ ಬಳಿಕ ಬೇರೊಂದು ಕಂಪನಿಯ ಸೈಕಲ್ 52ರ ಅಳತೆಯಲ್ಲಿ ದೊರೆಯಿತು. ಗೇರ್ ಹತ್ತು, ಬ್ರೇಕ್ ಹೈಡ್ರಾಲಿಕ್, ರಿಯಾಯಿತಿ ಶೇ 15. ಮೊದಲನೆಯದಕ್ಕಿಂತ ಒಂಬತ್ತು ಸಾವಿರ ರೂ. ಹೆಚ್ಚು ಕೊಡಬೇಕಾಯಿತು. ಮಳೆಗಾಲದಲ್ಲೂ ಬೆಟ್ಟ ಇಳಿಯುವ ಅಭ್ಯಾಸ ಇಲ್ಲದಿದ್ದರೆ ಈ ಖರ್ಚಿನ ಅಗತ್ಯವೇ ಇರಲಿಲ್ಲ, 16 ಸಾವಿರದ ದುರಸ್ತಿಯೇ ಸಾಕಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

ಹಳೆಯ ಸೈಕಲ್ ಮಾರಲು ವಿಚಾರಿಸಿದಾಗ ಸಿಕ್ಕ ಬೆಲೆ ಅದರ ದುರಸ್ತಿಯ ಖರ್ಚಿಗೂ ಸಾಲುತ್ತಿರಲಿಲ್ಲ. ಹಿಂದಿನ ಚಕ್ರ, ಚೈನ್, ಕ್ಯಾಸೆಟ್ ಮಾತ್ರ ಬದಲಿಸಿ, 25 ಮಿ.ಮೀ. ಟಯರ್ ಹಾಕಿಸಿ ಕಚೇರಿಗೆ ಹೋಗಿಬರಲು ಉಳಿಸಿಕೊಳ್ಳಲಾಗಿದೆ. ಹೊಸ ಸೈಕಲ್ ಬಂದ ಮೇಲೆ ಮೊದಲ ಮಳೆಯ ಭಾನುವಾರ ನಂದಿ ಬೆಟ್ಟದ ಅದೇ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಸೈಕಲ್ ಬಿಳಿ ಗೆರೆಯ ಒಳಗೇ ನಿಂತಿತು. ಹಳೆಯದರ ಬ್ರೇಕ್ ಪ್ಯಾಡ್‌ಗಳನ್ನು ಮಾತ್ರ ಈಗ ಪ್ರತಿ ಮುಂಗಾರಿಗೆ ಮೊದಲು ತಪ್ಪದೆ ನೋಡಲಾಗುತ್ತಿದೆ.